ಪದಗಳ ನಡುವಿನ ಗೆರೆ: ಹೆನ್ರಿ ವಾಟ್ಸನ್ ಫೌಲರ್

ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಕುಳಿತವರನ್ನು ತಡೆದು ನಿಲ್ಲಿಸುವ ಕೆಲವು ಪದಗಳುಂಟು. ಕಣ್ಣಿಗೆ ಅವು ಒಂದೇ ಬಗೆ, ಕಿವಿಗೂ ಹೆಚ್ಚುಕಡಮೆ ಒಂದೇ. ಅರ್ಥದಲ್ಲಿ ಮಾತ್ರ ಒಂದು ಪೂರ್ವವಾದರೆ ಇನ್ನೊಂದು ಪಶ್ಚಿಮ. 'ಅಫೆಕ್ಟ್' ಎಂಬಲ್ಲಿ 'ಎಫೆಕ್ಟ್' ಬಂದು ಕೂರುತ್ತದೆ, 'ಲಕ್ಸುರಿಯಸ್' ಇರಬೇಕಾದೆಡೆ 'ಲಕ್ಸುರಿಯಂಟ್' ನುಸುಳುತ್ತದೆ. ಇವನ್ನು ಬಿಡಿಸಿ ತೋರಿಸುವ ಕೈಪಿಡಿಗಳಿಗೆ ಇಂದು ಕೊರತೆಯಿಲ್ಲ. ಆ ಕೈಪಿಡಿಗಳ ಹಿಂದೆ ಹಿಂದಕ್ಕೆ ನಡೆದರೆ 1926ರಲ್ಲಿ ಆಕ್ಸ್‌ಫರ್ಡಿನಿಂದ ಹೊರಟ ಒಂದು ಗ್ರಂಥಕ್ಕೂ ಅದನ್ನು ಬರೆದ ಒಬ್ಬ ಮಾಜಿ ಉಪಾಧ್ಯಾಯನಿಗೂ ಹೋಗಿ ಮುಟ್ಟುತ್ತೇವೆ. ಗ್ರಂಥದ ಹೆಸರು 'ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್'. ಬರೆದವನು ಹೆನ್ರಿ ವಾಟ್ಸನ್ ಫೌಲರ್. ಕನ್ನಡ ವ್ಯಾಕರಣದ ವಿದ್ಯಾರ್ಥಿ 'ಕೇಶಿರಾಜನನ್ನು ನೋಡು' ಎಂದರೆ ಹೇಗೆ ಶಬ್ದಮಣಿದರ್ಪಣವನ್ನು ತೆರೆಯುತ್ತಾನೋ ಹಾಗೆ ಇಂಗ್ಲಿಷಿನಲ್ಲಿ ಆ ಪುಸ್ತಕವನ್ನು ಅದರ ಹೆಸರಿನಿಂದ ಕರೆಯುವವರು ಕಡಮೆ. ಅದು ಬರಿಯ 'ಫೌಲರ್'.

ಫೌಲರ್ ಹುಟ್ಟಿದ್ದು 1858ರ ಮಾರ್ಚ್ 10ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಟನ್‌ಬ್ರಿಜ್‌ನಲ್ಲಿ. ತಂದೆ ರಾಬರ್ಟ್ ಫೌಲರ್ ಕೇಂಬ್ರಿಜ್‌ನಲ್ಲಿ ಓದಿದ ಪಾದ್ರಿ, ವೃತ್ತಿಯಿಂದ ಶಾಲಾ ಉಪಾಧ್ಯಾಯ. ಎಂಟು ಮಂದಿ ಮಕ್ಕಳಲ್ಲಿ ಹೆನ್ರಿಯೇ ಹಿರಿಯ. ಹೆಸರಾಂತ ರಗ್ಬಿ ಶಾಲೆಯಲ್ಲಿ ಆತ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಪಳಗಿದ; ಷೆಲ್ಲಿಯ 'ಪ್ರೊಮೀಥಿಯಸ್ ಅನ್‌ಬೌಂಡ್' ನಾಟಕದ ಒಂದು ಭಾಗವನ್ನು ಗ್ರೀಕ್ ಪದ್ಯಕ್ಕೆ ತಿರುಗಿಸಿ ಶಾಲೆಯ ಬಹುಮಾನವನ್ನೂ ಪಡೆದ. 1877ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದಾಗ ಆತನಿಂದ ಎಲ್ಲರೂ ಬಹಳವನ್ನು ನಿರೀಕ್ಷಿಸಿದ್ದರು. ದೊರೆತದ್ದು ಎರಡನೆಯ ದರ್ಜೆ. ಅದರ ಜೊತೆಗೆ, ದೈವಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಾರಣ, 1881ರಲ್ಲಿ ಓದು ಮುಗಿದರೂ ಪದವಿ ಕೈಗೆ ಬಂದುದು 1886ರಲ್ಲಿ. ಇಷ್ಟರಲ್ಲಿ, 1879ರಲ್ಲಿ, ತಂದೆ ತೀರಿಕೊಂಡಿದ್ದರು. ತಮ್ಮಂದಿರ ಮತ್ತು ತಂಗಿಯ ಹೊಣೆ ಇಪ್ಪತ್ತೊಂದರ ತರುಣನ ಹೆಗಲಿಗೆ ಬಂದಿತ್ತು.

ಎಡಿನ್‌ಬರೋದ ಒಂದು ಶಾಲೆಯಲ್ಲಿ ಕೆಲವು ತಿಂಗಳು ಪಾಠ ಹೇಳಿ, 1882ರಲ್ಲಿ ಫೌಲರ್ ಇಂಗ್ಲೆಂಡಿನ ಉತ್ತರದ ಬೆಟ್ಟಗಳ ನಡುವಣ ಸೆಡ್‌ಬರ್ ಶಾಲೆಗೆ ಬಂದ. ಅಲ್ಲಿ ಹದಿನೇಳು ವರ್ಷ. ಲ್ಯಾಟಿನ್, ಗ್ರೀಕ್, ಇಂಗ್ಲಿಷ್ ಕಲಿಸುವುದು. ಬಿಡುವಿನಲ್ಲಿ ಓಟ, ಈಜು, ನಡಿಗೆ. ಮಿತಭಾಷಿ, ಶಿಸ್ತಿನವನು, ಹುಡುಗರಿಗೆ ಆತನ ಹತ್ತಿರಕ್ಕೆ ಹೋಗುವುದು ಸುಲಭವಿರಲಿಲ್ಲ. ಸದಾ ಹೊಗೆಸೊಪ್ಪಿನ ವಾಸನೆ ಬೀರುತ್ತಿದ್ದುದರಿಂದ ಅವರು ಅದಕ್ಕೆ ತಕ್ಕ ಅಡ್ಡಹೆಸರೊಂದನ್ನೂ ಇಟ್ಟಿದ್ದರು. ಈ ನೆಮ್ಮದಿಯ ಬದುಕು 1899ರಲ್ಲಿ ಮುರಿದುಬಿತ್ತು. ಮುರಿದ ಬಗೆಯನ್ನು ತಿಳಿದರೆ ಫೌಲರನ ಮುಂದಿನ ಬರವಣಿಗೆಯೂ ತಿಳಿದಂತೆ.

ಶಾಲೆಯ ವಸತಿನಿಲಯವೊಂದರ ಮೇಲ್ವಿಚಾರಕನ ಸ್ಥಾನ ಆತನಿಗೆ ಒದಗಿಬಂದಿತು. ಮಾನವೂ ವರಮಾನವೂ ಉಳ್ಳ ಸ್ಥಾನವದು. ಆದರೆ ಆ ಹುದ್ದೆಯಲ್ಲಿದ್ದವನು ಹುಡುಗರನ್ನು ಕ್ರೈಸ್ತ ಧರ್ಮದ ದೃಢೀಕರಣ ಸಂಸ್ಕಾರಕ್ಕೆ ಅಣಿಗೊಳಿಸಬೇಕಾಗಿತ್ತು. ಪಾದ್ರಿಯ ಮಗನಾಗಿದ್ದ ಫೌಲರನಿಗೆ ಆ ಹೊತ್ತಿಗೆ ದೇವರಲ್ಲಿ ನಂಬಿಕೆ ಉಳಿದಿರಲಿಲ್ಲ. ಆತ ಅದನ್ನು ಸಾರಿಕೊಂಡು ತಿರುಗಿದವನೂ ಅಲ್ಲ, ಇತರರ ನಂಬಿಕೆಯನ್ನು ಹಳಿದವನೂ ಅಲ್ಲ. ತಾನು ನಂಬದ ಮಾತನ್ನು ನಂಬಿದವನಂತೆ ಹುಡುಗರಿಗೆ ಹೇಳಿಕೊಡಲಾರೆ ಎಂಬುದಷ್ಟೇ ಆತನ ನಿಲುವು. ಮುಖ್ಯೋಪಾಧ್ಯಾಯ ಹೆನ್ರಿ ಹಾರ್ಟ್ ಸಜ್ಜನ, ಫೌಲರನ ಬಗ್ಗೆ ಆದರವಿದ್ದವನು. ಆದರೂ ಇಬ್ಬರಿಗೂ ಒಪ್ಪಿಗೆಯಾಗುವ ನಡುದಾರಿ ಸಿಗಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಫೌಲರ್ ಕೆಲಸ ಬಿಟ್ಟು ಹೊರಟ. ಹಾಗೆ ನಂಬುವುದಕ್ಕೂ ನಂಬಿದಂತೆ ನುಡಿಯುವುದಕ್ಕೂ ನಡುವೆ ಇರುವ ಗೆರೆಯನ್ನು ತನ್ನ ಅನ್ನದ ಬೆಲೆ ತೆತ್ತು ಕಾದುಕೊಂಡವನು, ಎರಡು ಪದಗಳ ನಡುವಣ ಗೆರೆಯನ್ನು ಕಾಯುವುದರಲ್ಲಿ ಅಷ್ಟು ಹಟ ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದಿನ ನಾಲ್ಕು ವರ್ಷ ಲಂಡನ್ನಿನ ಚೆಲ್ಸಿಯಲ್ಲಿ, ಪತ್ರಿಕೆಗಳಿಗೆ ಪ್ರಬಂಧ ಬರೆಯುತ್ತಾ, ತಂದೆ ಬಿಟ್ಟುಹೋದ ಅಲ್ಪ ಹಣದಲ್ಲಿ ದಿನ ದೂಡುತ್ತಾ ಕಳೆದವು. ಆ ಪ್ರಬಂಧಗಳನ್ನು ಇಂದು ಓದುವವರಿಲ್ಲ. ಅಂದೂ ಹೆಚ್ಚು ಮಂದಿ ಓದಲಿಲ್ಲ.

1903ರಲ್ಲಿ ಆತ ಗರ್ನ್‌ಸಿ ದ್ವೀಪಕ್ಕೆ ಹೋದ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಫ್ರಾನ್ಸಿನ ತೀರಕ್ಕೆ ಹತ್ತಿರವಿರುವ ಪುಟ್ಟ ದ್ವೀಪ ಅದು. ತನಗಿಂತ ಹದಿಮೂರು ವರ್ಷ ಕಿರಿಯನಾದ ತಮ್ಮ ಫ್ರಾನ್ಸಿಸ್ ಅಲ್ಲಿ ಟೊಮೇಟೊ ಬೆಳೆಯುತ್ತಿದ್ದ. ಅಣ್ಣತಮ್ಮಂದಿರು ಒಂದಕ್ಕೊಂದು ಸಮೀಪದಲ್ಲಿದ್ದ ಎರಡು ಕಲ್ಲುಮನೆಗಳಲ್ಲಿ ಬೇರೆಬೇರೆಯಾಗಿ ಇದ್ದು ಒಂದಾಗಿ ದುಡಿದರು. ಬೆಳಗಾದರೆ ಹೆನ್ರಿ ಕಡಲಿಗೆ ಓಡಿಹೋಗಿ ಈಜಿ ಬರಬೇಕು. ಚಳಿಗಾಲವೆಂದು ರಿಯಾಯಿತಿ ಇಲ್ಲ. ಆಮೇಲೆ ಮೇಜು. ಕೂಡಿ ಮಾಡಿದ ಮೊದಲ ಕೆಲಸ ಗ್ರೀಕ್ ವಿಡಂಬನಕಾರ ಲೂಸಿಯನ್ನನ ಕೃತಿಗಳ ಅನುವಾದ. ಅದು 1905ರಲ್ಲಿ ಆಕ್ಸ್‌ಫರ್ಡಿನ ಕ್ಲ್ಯಾರೆಂಡನ್ ಮುದ್ರಣಾಲಯದಿಂದ ನಾಲ್ಕು ಸಂಪುಟಗಳಲ್ಲಿ ಬಂದಿತು. ಅಪಹಾಸ್ಯದ ಮೊನೆ ಎಲ್ಲಿ ಚುಚ್ಚಬೇಕು, ಎಲ್ಲಿ ಬರಿದೆ ತಾಗಬೇಕು ಎಂಬುದನ್ನು ಆ ಹಳೆಯ ಗ್ರೀಕನ ಸಹವಾಸ ಇಬ್ಬರಿಗೂ ಕಲಿಸಿರಬೇಕು.

ಅನುವಾದದ ಬೆನ್ನಿಗೇ ಬಂದ 'ದಿ ಕಿಂಗ್ಸ್ ಇಂಗ್ಲಿಷ್' 1906ರಲ್ಲಿ ಅಣ್ಣತಮ್ಮಂದಿರಿಗೆ ಹೆಸರು ತಂದಿತು. ವ್ಯಾಕರಣದ ನಿಯಮವನ್ನು ಮೊದಲು ಹೇಳಿ ಉದಾಹರಣೆಯನ್ನು ಆಮೇಲೆ ಹೊಂದಿಸುವ ಹಳೆಯ ಕ್ರಮವನ್ನು ಅವರು ತಲೆಕೆಳಗು ಮಾಡಿದರು. ಲಂಡನ್ನಿನ 'ಟೈಮ್ಸ್' ಪತ್ರಿಕೆ, ವಿಶ್ವಕೋಶ ಬ್ರಿಟಾನಿಕಾ, ಹೆಸರುವಾಸಿ ಕಾದಂಬರಿಕಾರರು ಮುಂತಾದ ಎಲ್ಲರೂ ತಲೆಬಾಗುವ ಆಕರಗಳಿಂದಲೇ ತಪ್ಪುಗಳನ್ನು ಹೆಕ್ಕಿ, ಒಂದೊಂದಕ್ಕೂ ಮೂಲವನ್ನು ನಮೂದಿಸಿ, ಸಾಲಾಗಿ ನಿಲ್ಲಿಸಿದರು. ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ, ರೂಪಸಾಮ್ಯದಿಂದ ಮೋಸಹೋಗಿ ಒಂದು ಪದದ ಬದಲು ಇನ್ನೊಂದನ್ನು ಬಳಸುವ ದೋಷಕ್ಕೆ ಒಂದು ಭಾಗ ಮೀಸಲಾಗಿದೆ. ಅದಕ್ಕೆ ಇಂಗ್ಲಿಷಿನಲ್ಲಿ 'ಮ್ಯಾಲಪ್ರಾಪ್' ಎಂಬ ಹೆಸರು. ಷೆರಿಡನ್ನನ 'ದಿ ರೈವಲ್ಸ್' ಎಂಬ 1775ರ ನಾಟಕದಲ್ಲಿ ದೊಡ್ಡ ಮಾತುಗಳ ಮೋಹಕ್ಕೆ ಬಿದ್ದು ಪ್ರತಿ ಸಲವೂ ತಪ್ಪು ಪದವನ್ನೇ ಹಿಡಿಯುವ ಶ್ರೀಮತಿ ಮ್ಯಾಲಪ್ರಾಪ್ ಇದ್ದಾಳಲ್ಲ, ಅವಳಿಂದ ಬಂದ ಹೆಸರು. ರಂಗದ ಮೇಲೆ ಅವಳನ್ನು ಕಂಡು ನಕ್ಕವರೇ ಸಂಪಾದಕೀಯ ಬರೆಯುವಾಗ ಅವಳಾಗುತ್ತಾರೆ ಎಂಬುದನ್ನು ಫೌಲರ್ ಸೋದರರು ಅಚ್ಚಿನಲ್ಲಿ ತೋರಿಸಿಕೊಟ್ಟರು.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ ವ್ಯಾಧಿಯೇನಲ್ಲ. ತಿಂಡಿ ದೊರೆಯುವ ಸ್ಥಳದಲ್ಲಿ 'ಉಪಾಹಾರ' ಎಂದಿರಬೇಕಾದ ಫಲಕದ ಮೇಲೆ 'ಉಪಹಾರ' ಎಂದು ಬರೆದುದನ್ನು ಎಷ್ಟೋ ಊರುಗಳಲ್ಲಿ ಕಾಣಬಹುದು. ಒಂದು ದೀರ್ಘ ಜಾರಿದರೆ ಲಘುವಾದ ಆಹಾರವು ಕಾಣಿಕೆಯಾಗಿಬಿಡುತ್ತದೆ. ಪ್ರಸಾದವನ್ನೂ ಪ್ರಾಸಾದವನ್ನೂ ಒಂದು ಮಾಡಿದರೆ ದೇವರ ನೈವೇದ್ಯ ಅರಮನೆಯಾಗುತ್ತದೆ. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಱಕಾರ ೞಕಾರಗಳಿರುವ ಪದಗಳನ್ನು ಕೇಶಿರಾಜ ಪಟ್ಟಿಮಾಡಿ ಕೊಟ್ಟುದರ ಹಿಂದೆಯೂ ಇಂತಹುದೇ ಆತಂಕವಿದ್ದಿರಬೇಕು. ಕಾಸರಗೋಡಿನ ವಿದ್ಯಾರ್ಥಿಗಂತೂ ಈ ಬಲೆ ಎರಡು ಭಾಷೆಗಳ ನಡುವೆ ಹಾಸಿದೆ: ಕನ್ನಡದ ಸಂಸಾರ ಮನೆಮಂದಿಯಾದರೆ ಮಲಯಾಳದ ಸಂಸಾರ ಮಾತುಕತೆ, ಕನ್ನಡದಲ್ಲಿ ಅವಸರವೆಂದರೆ ತ್ವರೆ, ಮಲಯಾಳದಲ್ಲಿ ಅವಕಾಶ.

ಗರ್ನ್‌ಸಿಯ ದಿನಗಳು ಫೌಲರನ ಬಾಳಿನ ಅತ್ಯಂತ ಸುಖದ ದಿನಗಳು. 1908ರ ಮಾರ್ಚ್ 10ರಂದು, ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಆತ ಜೆಸ್ಸಿ ಮೇರಿಯನ್ ವಿಲ್ಸ್ ಎಂಬಾಕೆಯನ್ನು ಮದುವೆಯಾದ. ಆಕೆ ದಾದಿ; ಶುಶ್ರೂಷಾಲಯವೊಂದನ್ನು ನಡೆಸುತ್ತಿದ್ದವಳು; ಗಂಡನಿಗಿಂತ ನಾಲ್ಕು ವರ್ಷ ಚಿಕ್ಕವಳು. ಆತ ಎಷ್ಟು ಮೌನಿಯೋ ಆಕೆ ಅಷ್ಟು ಮಾತಿನವಳು. ಗಂಡನಿಗೆ ಇಲ್ಲದ ದೈವಭಕ್ತಿ ಹೆಂಡತಿಗಿತ್ತು; ಅದರಿಂದ ಸಂಸಾರಕ್ಕೆ ಯಾವ ಕೊರೆಯೂ ಆಗಲಿಲ್ಲ.

ಆ ಕಾಲದಲ್ಲಿಯೇ ಆಕ್ಸ್‌ಫರ್ಡಿನವರು ಸೋದರರಿಗೆ ಒಂದು ಸಣ್ಣ ನಿಘಂಟನ್ನು ಸಿದ್ಧಪಡಿಸುವ ಕೆಲಸವನ್ನು ಒಪ್ಪಿಸಿದರು. ದೊಡ್ಡ ಆಕ್ಸ್‌ಫರ್ಡ್ ನಿಘಂಟು ಭಾಗಭಾಗವಾಗಿ ಹೊರಬರುತ್ತಿದ್ದ ಕಾಲವದು. ಅದು ಮುಗಿದುದು 1928ರಲ್ಲಿ. ಅದನ್ನು ಭಟ್ಟಿಯಿಳಿಸಿ ಒಂದೇ ಸಂಪುಟಕ್ಕೆ ತರಬೇಕು. ವರ್ಣಮಾಲೆಯ ಕೊನೆಯ ಅಕ್ಷರಗಳಿಗೆ ಬಂದಾಗ ಇಳಿಸಿಕೊಳ್ಳಲು ಮೂಲವೇ ಇಲ್ಲ, ತಾವೇ ಕಟ್ಟಬೇಕು. ಅವರು ಕಂಡುಕೊಂಡ ಉಪಾಯ ಎರಡು ಬಗೆಯದು. ಅರ್ಥವನ್ನು ತಂತಿಯ ಒಕ್ಕಣೆಯಷ್ಟು ಮೊಟಕಾಗಿ ಹೇಳುವುದು. ಉಳಿಸಿದ ಜಾಗದಲ್ಲಿ ಪದ ಬಳಕೆಯಾಗುವ ನುಡಿಗಟ್ಟುಗಳನ್ನು ಧಾರಾಳವಾಗಿ ಕೊಡುವುದು. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸಲು ಅರ್ಥವಿವರಣೆಗಿಂತ ಅದರ ಸಹವಾಸವೇ ಹೆಚ್ಚು ನೆರವಾಗುತ್ತದೆ ಎಂಬುದನ್ನು ಶಬ್ದಕೋಶ ಬಳಸಿದವರೆಲ್ಲ ಬಲ್ಲರು. 'ಕನ್‌ಸೈಸ್ ಆಕ್ಸ್‌ಫರ್ಡ್ ಡಿಕ್ಷನರಿ' 1911ರಲ್ಲಿ ಪ್ರಕಟವಾಯಿತು. ಭಾರತದ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ಅದರ ಒಂದಲ್ಲ ಒಂದು ಆವೃತ್ತಿ ಇದ್ದೇ ಇದೆ. ಮುಖಪುಟದ ಮೇಲಿನ ಆ ಎರಡು ಹೆಸರುಗಳನ್ನು ಗಮನಿಸಿದವರು ಮಾತ್ರ ಕಡಮೆ.

ನಿಘಂಟು ಮುಗಿದಾಗ ಇಬ್ಬರ ತಲೆಯಲ್ಲಿಯೂ ಇನ್ನೊಂದು ಬಗೆಯ ಪುಸ್ತಕ ಮೂಡಿತ್ತು. ಎಲ್ಲ ಪದಗಳನ್ನೂ ಒಳಗೊಳ್ಳುವ ಹೊರೆ ಅದಕ್ಕೆ ಬೇಡ. ತಿಳಿದ ಪದಗಳನ್ನು ಬಿಟ್ಟು, ಬರೆಯುವವರು ಎಡವುವ ಪದಗಳನ್ನು ಮಾತ್ರ ಆರಿಸಿ ಚರ್ಚಿಸಬೇಕು. ಕೆಲಸ ಆರಂಭವಾಯಿತು, ಅಷ್ಟರಲ್ಲಿ 1914ರ ಮಹಾಯುದ್ಧ ಬಂದಿತು.

ಫೌಲರ್ ಮೊದಲು ಸೈನ್ಯಕ್ಕೆ ಸೇರಿರೆಂದು ಯುವಕರನ್ನು ಹುರಿದುಂಬಿಸುವ ಕೆಲಸದಲ್ಲಿ ತೊಡಗಿದ. ತಾನು ಹೋಗದೆ ಇತರರನ್ನು ಕಳುಹಿಸುವುದು ಆತನಿಗೆ ಸರಿಬೀಳಲಿಲ್ಲ. 1915ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ತನಗೆ ನಲವತ್ತನಾಲ್ಕೇ ಎಂದು ಸುಳ್ಳು ಬರೆಸಿ ತಮ್ಮನೊಂದಿಗೆ ಸೈನ್ಯವನ್ನು ಸೇರಿದ. ನಂಬದುದನ್ನು ನುಡಿಯಲಾರೆನೆಂದು ಉದ್ಯೋಗವನ್ನೇ ಬಿಟ್ಟವನು ಇಲ್ಲಿ ಕಾಗದದ ಮೇಲೆ ಹದಿಮೂರು ವರ್ಷಗಳನ್ನು ಅಳಿಸಿಹಾಕಿದ. ಆತನ ಚರಿತ್ರೆಯಲ್ಲಿ ಈ ಎರಡೂ ಇವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಸಲ್ಲದು. ಫ್ರಾನ್ಸಿಗೆ ಹೋದ ಸೋದರರಿಗೆ ಸಿಕ್ಕಿದ್ದು ರಣರಂಗವಲ್ಲ. ಪಾತ್ರೆ ತೊಳೆಯುವ, ಇದ್ದಿಲು ಹೊರುವ ಚಾಕರಿ. ಕಾದಾಡಲೆಂದು ಬಂದವರಿಗೆ ಇಂಥ ಕೆಲಸ ಕೊಡುವುದು ನ್ಯಾಯವಲ್ಲವೆಂದು ಮೇಲಧಿಕಾರಿಗೆ ಬರೆದು ಪ್ರತಿಭಟಿಸಿದರು. ಆದರೆ ದೇಹ ಮಣಿಯಿತು. 1916ರಲ್ಲಿ ಫೌಲರ್ ಮನೆಗೆ ಮರಳಿದ. ಸೈನ್ಯದಲ್ಲಿದ್ದಾಗ ಅಂಟಿದ ಕ್ಷಯ ಫ್ರಾನ್ಸಿಸನನ್ನು ಬಿಡಲಿಲ್ಲ. 1918ರಲ್ಲಿ ಆತ ತೀರಿಕೊಂಡ. ಅವನಿಗೆ ನಲವತ್ತೇಳರ ಹತ್ತಿರದ ವಯಸ್ಸು.

ಹದಿನೈದು ವರ್ಷ ಪ್ರತಿಯೊಂದು ಪುಟವನ್ನೂ ಇಬ್ಬರು ಓದಿ ತಿದ್ದಿದ ಮೇಲೆ ಮುದ್ರಣಕ್ಕೆ ಕಳುಹಿಸುತ್ತಿದ್ದ ಬರಹಗಾರನಿಗೆ ಇನ್ನು ಒಬ್ಬನೇ ಬರೆಯಬೇಕಾಯಿತು. 'ಪಾಕೆಟ್ ಆಕ್ಸ್‌ಫರ್ಡ್ ಡಿಕ್ಷನರಿ' 1924ರಲ್ಲಿ ಬಂದಿತು. ಅದರ ಮೇಲೆ ತಮ್ಮನ ಹೆಸರೂ ಇದೆ. 'ಮಾಡರ್ನ್ ಇಂಗ್ಲಿಷ್ ಯೂಸೇಜ್' 1926ರಲ್ಲಿ ಪ್ರಕಟವಾದಾಗ ಫೌಲರ್ ಅದನ್ನು ತಮ್ಮನ ನೆನಪಿಗೆ ಅರ್ಪಿಸಿದ. ಕೂಡಿ ಯೋಜಿಸಿದ ಪುಸ್ತಕ ಇದು, ಅವನಿದ್ದಿದ್ದರೆ ಇದಕ್ಕಿಂತ ಮೇಲಾಗುತ್ತಿತ್ತು ಎಂಬ ಅರ್ಥದ ಕೆಲವು ಸಾಲುಗಳು ಅಲ್ಲಿವೆ. ನಗುವನ್ನು ಅಡಗಿಸಿಟ್ಟ ಆ ಗ್ರಂಥದಲ್ಲಿ ದುಃಖ ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ.

ಪುಸ್ತಕವನ್ನು ಅಕಾರಾದಿಯಲ್ಲಿ ಜೋಡಿಸಿದೆ. ಆದರೆ ಕೆಲವು ಶೀರ್ಷಿಕೆಗಳು ಪದಗಳಲ್ಲ, ದೋಷದ ಜಾತಿಗಳು. ಅವಕ್ಕೆ ಫೌಲರನೇ ಹೆಸರಿಟ್ಟಿದ್ದಾನೆ. ಹೋಲುವ ಪದಗಳ ಕುರಿತ ಬರಹದ ಹೆಸರು 'ಪೇರ್ಸ್ ಅಂಡ್ ಸ್ನೇರ್ಸ್'. ಜೋಡಿಗಳು ಮತ್ತು ಬಲೆಗಳು ಎಂದರ್ಥ. ಇಂಗ್ಲಿಷಿನಲ್ಲಿ ಪ್ರಾಸವೂ ಕೂಡಿಬಂದಿದೆ. ಮೋಸಗೊಳಿಸುವ ಜೋಡಿಗಳನ್ನು ಅಲ್ಲಿ ಒಟ್ಟುಗೂಡಿಸಿ, ಒಂದೊಂದನ್ನೂ ಅದರದರ ಸ್ಥಳದಲ್ಲಿ ಬಿಡಿಸಿದ್ದಾನೆ.

ಬಿಡಿಸುವಾಗ ಆತ ಎಲ್ಲ ಜೋಡಿಗಳಿಗೂ ಒಂದೇ ಮದ್ದು ಕೊಡುವುದಿಲ್ಲ. ಕೆಲವು ಜೋಡಿಗಳು ನಿಜವಾಗಿ ಜೋಡಿಗಳೇ ಅಲ್ಲ. ಅರ್ಥದಲ್ಲಿ ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಅಪರಿಚಿತರು. ಕ್ರಿಯಾಪದಗಳಾಗಿ ಬಂದ 'ಅಫೆಕ್ಟ್', 'ಎಫೆಕ್ಟ್' ಇಂಥವು. ಒಂದರ ಅರ್ಥ ಇರುವುದರ ಮೇಲೆ ಪರಿಣಾಮ ಬೀರುವುದು. ಇನ್ನೊಂದರ ಅರ್ಥ ಇಲ್ಲದುದನ್ನು ಆಗಮಾಡುವುದು. ಒಬ್ಬನ ಪತ್ರವು ಎರಡು ಪಕ್ಷಗಳ ಸಂಧಾನವನ್ನು 'ಎಫೆಕ್ಟ್' ಮಾಡಿತೆಂದರೆ ಸಂಧಾನ ಆಯಿತು, ಜಗಳ ಮುಗಿಯಿತು. 'ಅಫೆಕ್ಟ್' ಮಾಡಿತೆಂದರೆ ನಡೆಯುತ್ತಿದ್ದ ಸಂಧಾನಕ್ಕೆ ಏನೋ ಆಯಿತು. ಬಹುಶಃ ಮುರಿದೇ ಬಿದ್ದಿತು. ಮೊದಲ ಅಕ್ಷರವೊಂದು ಬದಲಾದರೆ ಸಂಧಿಯ ಬದಲು ವಿಗ್ರಹ. ಒಂದರ ಸ್ಥಾನದಲ್ಲಿ ಇನ್ನೊಂದು ಎಂದಿಗೂ ನಿಲ್ಲಲಾರದೆಂದು ಫೌಲರ್ ಖಂಡತುಂಡವಾಗಿ ಹೇಳಿ ಮುಂದೆ ಹೋಗುತ್ತಾನೆ.

'ಡೆಪ್ರಿಕೇಟ್', 'ಡಿಪ್ರೀಷಿಯೇಟ್' ಎಂಬುವು ಬರಹದಲ್ಲಿ ಒಂದೇ ಒಂದು ಅಕ್ಷರದಿಂದ ಬೇರೆ. ಮೊದಲನೆಯದರ ಬೇರು ಪ್ರಾರ್ಥನೆ ಎಂಬರ್ಥದ ಲ್ಯಾಟಿನ್ ಧಾತು: ಆಗದಿರಲೆಂದು ಬೇಡುವುದು, ಹಾಗಾಗಿ ಅಸಮ್ಮತಿಸುವುದು. ಎರಡನೆಯದರ ಬೇರು ಬೆಲೆ: ಬೆಲೆ ಇಳಿಸುವುದು, ಕೀಳ್ಗಳೆಯುವುದು. ಬೇರನ್ನು ಒಮ್ಮೆ ಕಂಡವನು ಮತ್ತೆ ತಪ್ಪಲಾರ. ಲ್ಯಾಟಿನ್ ಪಾಠ ಹೇಳಿದ ಹದಿನೇಳು ವರ್ಷಗಳು ಇಲ್ಲಿ ಫಲ ಕೊಟ್ಟಿವೆ.

ಇನ್ನು ಕೆಲವು ನಿಜವಾದ ಅವಳಿಗಳು, ಒಂದೇ ತಾಯಿಯ ಮಕ್ಕಳು. 'ಕಂಟಿನ್ಯುಅಲ್' ಎಂದರೆ ಕೊನೆಯೆಂಬುದು ಕಾಣದಂತೆ ನಡೆಯುವುದು ಅಥವಾ ಮರಳಿ ಮರಳಿ ಬರುವುದು. 'ಕಂಟಿನ್ಯುಅಸ್' ಎಂದರೆ ಮೊದಲಿನಿಂದ ಕೊನೆಯವರೆಗೆ ನಡುವೆ ಕಡಿಯದಿರುವುದು. ಆಟಿ ತಿಂಗಳಿನಲ್ಲಿ ದಿನಕ್ಕೆ ಹತ್ತು ಸಲ ಹೊಯ್ದು ಹತ್ತು ಸಲ ನಿಲ್ಲುವ ಮಳೆ 'ಕಂಟಿನ್ಯುಅಲ್'. ಸಂಜೆ ಹಿಡಿದು ಬೆಳಗಿನವರೆಗೆ ಒಂದೇ ಸಮನೆ ಸುರಿದರೆ, ಅದು ಒಂದೇ ರಾತ್ರಿಯ ಮಳೆಯಾದರೂ, 'ಕಂಟಿನ್ಯುಅಸ್'. 'ಲಕ್ಸುರಿಯಂಟ್' ಹುಲುಸಾಗಿ ಬೆಳೆದ ಬಳ್ಳಿಗೋ ಕೂದಲಿಗೋ ಸಲ್ಲುವ ಮಾತು, 'ಲಕ್ಸುರಿಯಸ್' ಸುಖಭೋಗಕ್ಕೆ.

ಇಂಥ ಅವಳಿಗಳನ್ನು ಕುರಿತು ಫೌಲರನಿಗೆ ಒಂದು ಸಿದ್ಧಾಂತವೇ ಇತ್ತು. ಒಂದೇ ಅರ್ಥಕ್ಕೆ ಎರಡು ಪದಗಳಿದ್ದರೆ ಭಾಷೆ ಸುಮ್ಮನಿರದೆ ಅವುಗಳಿಗೆ ಕ್ರಮೇಣ ಬೇರೆ ಬೇರೆ ಕೆಲಸಗಳನ್ನು ಹಂಚಿಕೊಡುತ್ತದೆ. ಭಾಷೆ ಸಂಪನ್ನವಾಗುವುದು ಹೀಗೆ. ನೂರಾರು ವರ್ಷಗಳಲ್ಲಿ ಯಾರೂ ಅರಿಯದಂತೆ ಬಿದ್ದ ಆ ಗೆರೆಯನ್ನು ಒಬ್ಬ ಅಜಾಗರೂಕ ಬರಹಗಾರ ಅಳಿಸಿದರೆ ನಷ್ಟ ಅವನೊಬ್ಬನದಲ್ಲ, ಆ ಭಾಷೆಯನ್ನಾಡುವ ಎಲ್ಲರದು. ಉದ್ದನೆಯ ರೂಪ ಹೆಚ್ಚು ಗಂಭೀರವೆಂಬ ಭ್ರಮೆಯೂ ಇಂಥ ಅಳಿಸುವಿಕೆಗೆ ಒಂದು ಕಾರಣವೆಂದು ಆತ ಕಂಡುಕೊಂಡ. 'ಇಂಟೆನ್ಸ್' ಎಂದರೆ ಸಾಕಾದ ಕಡೆ 'ಇಂಟೆನ್ಸಿವ್' ಬಂದುದು ಹಾಗೆ. ಸಣ್ಣ ಜಾಗದಲ್ಲಿ ಶ್ರಮವನ್ನೆಲ್ಲ ಸಾಂದ್ರಗೊಳಿಸುವ ಬೇಸಾಯಕ್ಕೆ ಎರಡನೆಯ ಪದ ಸಲ್ಲುತ್ತದೆ. ಬರಿಯ ತೀವ್ರತೆಗೆ ಮೊದಲನೆಯದೇ ಸರಿ.

ಇಷ್ಟನ್ನೇ ಕೇಳಿದವರಿಗೆ ಫೌಲರ್ ಬೆತ್ತ ಹಿಡಿದ ಮೇಷ್ಟ್ರಂತೆ ಕಾಣಬಹುದು. ನಿಜದಲ್ಲಿ ಆತ ಮುರಿದ ನಿಯಮಗಳು ಆತ ಕಾದ ಗೆರೆಗಳಿಗಿಂತ ಕಡಮೆಯೇನಲ್ಲ. ವಾಕ್ಯವು ಪ್ರಿಪೊಸಿಷನ್ನಿನಿಂದ ಮುಗಿಯಕೂಡದು, 'ಟು' ಎಂಬುದನ್ನೂ ಅದರ ಕ್ರಿಯಾಪದವನ್ನೂ ಎಂದೂ ಅಗಲಿಸಕೂಡದು ಎಂದು ಮಕ್ಕಳಿಗೆ ತಲೆಮಾರುಗಳಿಂದ ಬಾಯಿಪಾಠ ಮಾಡಿಸಿದ ಕಟ್ಟಳೆಗಳನ್ನು ಆತ ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿದ. ಎರಡನೆಯ ಕಟ್ಟಳೆಯ ವಿಷಯದಲ್ಲಿ ಇಂಗ್ಲಿಷ್ ಬಲ್ಲ ಲೋಕವನ್ನು ಐದು ವರ್ಗಗಳಾಗಿ ವಿಂಗಡಿಸಿ, ಅದೇನೆಂದು ತಿಳಿಯದವರೂ ತಿಳಿಯುವ ಗೋಜಿಗೆ ಹೋಗದವರೂ ಎಲ್ಲರಿಗಿಂತ ಸುಖಿಗಳೆಂದು ಆತ ಮಾಡಿದ ವಿನೋದ ಇಂದಿಗೂ ನಗಿಸುತ್ತದೆ. ಅಳತೆಗೋಲು ಎರಡೂ ಕಡೆ ಒಂದೇ: ಓದುವವನಿಗೆ ಒಂದು ಅರ್ಥವನ್ನು ಉಳಿಸಿಕೊಡುವ ಭೇದವಾದರೆ ಕಾಪಾಡು, ಯಾವ ಅರ್ಥವನ್ನೂ ಉಳಿಸದ ಬರಿಯ ಕಟ್ಟಾದರೆ ಬಿಡು.

ಈ ಅಳತೆಗೋಲು ಆತನ ಕೈಯಲ್ಲಿ ಸದಾ ನೆಟ್ಟಗೆ ನಿಂತಿತೆನ್ನಲಾಗದು. 'ಮಾಸ್ಟರ್‌ಫುಲ್' ಎಂದರೆ ದರ್ಪವುಳ್ಳ, 'ಮಾಸ್ಟರ್ಲಿ' ಎಂದರೆ ನಿಪುಣವಾದ ಎಂಬ ವಿಭಜನೆ ಪೂರ್ತಿಯಾಗಿದೆಯೆಂದು ಆತ ಸಾರಿದ. ಆದರೆ ಜನ ನೈಪುಣ್ಯದ ಅರ್ಥದಲ್ಲಿ 'ಮಾಸ್ಟರ್‌ಫುಲ್' ಎನ್ನುವುದನ್ನು ಅಂದೂ ಬಿಟ್ಟಿರಲಿಲ್ಲ, ಇಂದೂ ಬಿಟ್ಟಿಲ್ಲ. ಇಲ್ಲಿ ಆತ ಕಂಡ ಗೆರೆ ಬಹುಪಾಲು ಆತನೇ ಎಳೆದ ಗೆರೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಇದೇ ಬಗೆಯ ಆಕ್ಷೇಪವನ್ನು ಬೇರೊಂದು ಪ್ರಯೋಗದ ಸಂಬಂಧದಲ್ಲಿ ಎತ್ತಿ ಫೌಲರನೊಡನೆ ಅಚ್ಚಿನಲ್ಲಿಯೇ ವಾದಕ್ಕಿಳಿದ. ಭಾಷೆ ಹೇಗಿದೆಯೆಂದು ನೋಡಬೇಕಾದವನು ಹೇಗಿರಬೇಕೆಂದು ವಿಧಿಸಿದರೆ ವಿದ್ವತ್ತೆಲ್ಲಿ ಎಂಬುದು ಆ ವಾದದ ತಿರುಳು. ಫೌಲರ್ ತನ್ನನ್ನು ವಿದ್ವಾಂಸನೆಂದು ಕರೆದುಕೊಂಡವನಲ್ಲ. ಬರೆಯುವವನ ಪಕ್ಕದಲ್ಲಿ ಕುಳಿತವನೆಂಬಂತೆ ಉತ್ತರಿಸಿದ. 'ದಟ್', 'ವಿಚ್' ಎಂಬ ಸಂಬಂಧವಾಚಕಗಳಿಗೆ ಬೇರೆಬೇರೆ ಕೆಲಸ ಕೊಟ್ಟರೆ ಎಷ್ಟು ಅನುಕೂಲವೆಂದು ವಿವರಿಸಿದ ಮೇಲೆ, ಹಾಗೆ ಬರೆಯುವವರು ಹೆಚ್ಚು ಮಂದಿ ಇಲ್ಲವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ತನ್ನ ಆಸೆಗೂ ಲೋಕದ ರೂಢಿಗೂ ನಡುವಣ ಗೆರೆಯನ್ನು ಅಲ್ಲಿಯಾದರೂ ಆತ ಮರೆಸಲಿಲ್ಲ.

ಗ್ರಂಥ ಪ್ರಕಟವಾಗುವ ಮುಂಚೆ, 1925ರಲ್ಲಿ, ದಂಪತಿಗಳು ಗರ್ನ್‌ಸಿಯನ್ನು ಬಿಟ್ಟು ಸಾಮರ್‌ಸೆಟ್ ಪ್ರಾಂತದ ಹಿಂಟನ್ ಸೇಂಟ್ ಜಾರ್ಜ್ ಎಂಬ ಹಳ್ಳಿಗೆ ಬಂದಿದ್ದರು. ಪುಸ್ತಕಕ್ಕೆ ದೊರೆತ ಬರವನ್ನು ಕಂಡು ಪ್ರಕಾಶಕರು, ಈ ವಯಸ್ಸಿನಲ್ಲಿ ಮನೆಗೆಲಸ ಬೇಡ, ಆಳೊಬ್ಬನ ಸಂಬಳವನ್ನು ತಾವೇ ಕೊಡುವುದಾಗಿ ಹೇಳಿಕಳುಹಿಸಿದರು. ಓಡಿ, ಈಜಿ, ತೋಟದ ಕೆಲಸ ಮಾಡಿ ತಾನು ಆರೋಗ್ಯವಾಗಿದ್ದೇನೆ, ಆಳು ಬಂದರೆ ಅದೂ ಹೋದೀತು ಎಂಬಂತೆ ಆತ ಉತ್ತರ ಬರೆದು ಆ ಉಪಕಾರವನ್ನು ಬೇಡವೆಂದ. ಕಣ್ಣಿನ ರೋಗ ಒಂದು ಕಣ್ಣನ್ನು ಕಸಿದುಕೊಂಡಿತು. 1930ರಲ್ಲಿ ಜೆಸ್ಸಿ ಅರ್ಬುದದಿಂದ ತೀರಿಕೊಂಡಳು. ಆಕೆಗಾಗಿ ಬರೆದಿದ್ದ ಪದ್ಯಗಳನ್ನು ಆತ ಮರುವರ್ಷ ಚಿಕ್ಕ ಪುಸ್ತಕವಾಗಿ ಅಚ್ಚುಹಾಕಿಸಿದ. ಪದಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದವನ ಪದ್ಯಗಳು ಬಹಳ ಸಾಧಾರಣ. ಅಚ್ಚುಹಾಕಿಸಿದುದು ಓದುಗರಿಗಾಗಿ ಇರಲಾರದು.

ಇನ್ನೊಂದು ನಿಘಂಟಿನ ಕೆಲಸ ಮೇಜಿನ ಮೇಲೆ ಅರ್ಧಕ್ಕೆ ನಿಂತಿರುವಂತೆಯೇ 1933ರ ಡಿಸೆಂಬರ್ 26ರಂದು, ಎಪ್ಪತ್ತೈದು ತುಂಬಿದ ಫೌಲರ್ ಹಿಂಟನ್ನಿನಲ್ಲಿ ಕಣ್ಮುಚ್ಚಿದ. ಸೆಡ್‌ಬರ್ ಶಾಲೆಯಲ್ಲಿ ಸಹೋದ್ಯೋಗಿಯಾಗಿದ್ದ ಚರಿತ್ರಕಾರ ಜಿ. ಜಿ. ಕೌಲ್ಟನ್ ಮರುವರ್ಷ ಬರೆದ ಸ್ಮರಣೆಯಿಂದ ಆ ಮೌನಿಯ ಬಾಳಿನ ಹಲವು ಸಂಗತಿಗಳು ಹೊರಗೆ ತಿಳಿದುಬಂದವು.

ಎರಡನೆಯ ಮಹಾಯುದ್ಧದ ನಡುವೆ, ನಾರ್ಮಂಡಿಯ ಮೇಲಿನ ದಾಳಿಯ ಯೋಜನೆಗಳು ಸಿದ್ಧವಾಗುತ್ತಿದ್ದಾಗ, ಸೇನಾಧಿಕಾರಿಯೊಬ್ಬನ ಟಿಪ್ಪಣಿಯಲ್ಲಿ 'ಇಂಟೆನ್ಸಿವ್' ಎಂಬ ಪದ ಪ್ರಧಾನಮಂತ್ರಿ ಚರ್ಚಿಲ್ಲನ ಕಣ್ಣಿಗೆ ಬಿದ್ದಿತು. ಅಲ್ಲಿರಬೇಕಾದುದು 'ಇಂಟೆನ್ಸ್', ಸಂಶಯವಿದ್ದರೆ ಫೌಲರನನ್ನು ಓದಿ ಎಂದು ಆತ ಬರೆದು ಹಿಂದಿರುಗಿಸಿದನು. ಲಕ್ಷಾಂತರ ಜನರ ಪ್ರಾಣ ತೂಗಾಡುತ್ತಿದ್ದ ಹೊತ್ತಿನಲ್ಲಿ ಇದೆಂಥ ಗೊಡವೆ ಎನ್ನಿಸಬಹುದು. ಅಂಥ ಹೊತ್ತಿನಲ್ಲಿ ಆಜ್ಞೆಯ ಒಂದು ಪದ ಎರಡರ್ಥ ಕೊಟ್ಟರೆ ಏನಾದೀತೆಂಬುದನ್ನೂ ಯೋಚಿಸಬಹುದು.

ಫೌಲರನ ಗ್ರಂಥವನ್ನು 1965ರಲ್ಲಿ ಅರ್ನೆಸ್ಟ್ ಗವರ್ಸ್ ಮೆಲ್ಲನೆ ಪರಿಷ್ಕರಿಸಿದ. 1996ರಲ್ಲಿ ರಾಬರ್ಟ್ ಬರ್ಚ್‌ಫೀಲ್ಡ್ ಅದನ್ನು ಬಹುಮಟ್ಟಿಗೆ ಹೊಸದಾಗಿಯೇ ಬರೆದ. ವಿಧಿಗಳ ಸ್ಥಾನದಲ್ಲಿ ಬಳಕೆಯ ದಾಖಲೆ ಬಂದಿತು, ಮೇಷ್ಟ್ರ ಹುಬ್ಬುಗಂಟೂ ಅದರ ಹಿಂದಿನ ನಗೆಯೂ ಒಟ್ಟಿಗೆ ಹೋದವು. ಮುಖಪುಟದ ಮೇಲೆ ಮಾತ್ರ ಹಳೆಯ ಹೆಸರು ಉಳಿಯಿತು. ಓದುಗರಲ್ಲಿ ಹಲವರು ಹಳೆಯದನ್ನೇ ಹುಡುಕಿ ಕೊಳ್ಳುತ್ತಿದ್ದರು. 2009ರಲ್ಲಿ ಆಕ್ಸ್‌ಫರ್ಡಿನವರು 1926ರ ಮೊದಲ ಆವೃತ್ತಿಯನ್ನು ಇದ್ದಂತೆಯೇ, ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್‌ನ ಮುನ್ನುಡಿಯೊಂದಿಗೆ, ಮತ್ತೆ ಅಚ್ಚುಹಾಕಿದರು.